ಆಶೀರ್ವಾದವೇ ಉಡುಗೊರೆ

ಮೊನ್ನೆ ವಾಟ್ಸಾಪಿಗೆ ಒಂದು ಆಹ್ವಾನ ಬಂತು. ‘ವಿಪತ್ತಿನಲ್ಲೂ ನಿಲ್ಲದ ಸಂಬಳ: ಸಣ್ಣ ಉದ್ಯಮಿಗಳಿಗೆ ಒಂದು ದಿನದ ಕಾರ್ಯಾಗಾರ’. ಶುಲ್ಕ ಎರಡೂವರೆ ಸಾವಿರ, ಮೇಲೆ ಜಿಎಸ್‌ಟಿ. ಊಟ ಉಂಟು. ಮೊದಲ ಸಲಹೆಯನ್ನು ಮಾತ್ರ ಪುಕ್ಕಟೆ ಕೊಟ್ಟಿದ್ದಾರೆ: ಆರು ತಿಂಗಳ ಸಂಬಳವನ್ನು ಯಾವಾಗಲೂ ಬೇರೆ ಖಾತೆಯಲ್ಲಿ ತೆಗೆದಿಡಿ.

ಎಂಥ ಮಾತು! ನಮಗೆ ಹೊಳೆದೇ ಇರಲಿಲ್ಲ ನೋಡಿ. ಈ ತಿಂಗಳದ್ದನ್ನು ಏಳನೇ ತಾರೀಖಿಗೆ ಹೊಂದಿಸುವುದರಲ್ಲೇ ಮೈಮರೆತಿದ್ದೆವು.

ನನ್ನದು ಪ್ರಿಂಟಿಂಗ್ ಪ್ರೆಸ್. ಆರು ಜನ ಕೆಲಸಕ್ಕಿದ್ದಾರೆ. ಲಗ್ನಪತ್ರಿಕೆಯೇ ನಮ್ಮ ಅನ್ನ. 2020ರ ಮಾರ್ಚ್‌ನಲ್ಲಿ ಎಲ್ಲ ಬಂದ್ ಆದಾಗ ಅಕ್ಷಯ ತದಿಗೆಯ ಮದುವೆ ಪತ್ರಿಕೆಗಳು ಕಟ್ಟು ಕಟ್ಟಾಗಿ ಕೂತಿದ್ದವು. ಅವತ್ತು ಮನೆಗೆ ತಂದದ್ದು ಅಕ್ಷಯ ಆಗುತ್ತದಂತೆ. ನಿಜ ಕಣ್ರೀ, ಆ ಪತ್ರಿಕೆಗಳು ಇನ್ನೂ ಮುಗಿದಿಲ್ಲ. ಹಿಂಬದಿ ಖಾಲಿ ಇದೆಯಲ್ವಾ, ಇವತ್ತಿಗೂ ಲೆಕ್ಕ ಬರೆಯುವುದು ಅದರ ಮೇಲೇ. ಆಮೇಲೆ ಮದುವೆಗೆ 50 ಜನ ಸಾಕು ಅಂದರು. 50 ಜನರಿಗೆ ಪತ್ರಿಕೆ ಯಾರು ಹಾಕಿಸುತ್ತಾರೆ? ಫೋನಿನಲ್ಲಿ ಫೋಟೊ ಕಳಿಸಿದರು, ಮುಗೀತು.

ಆ ಮಾರ್ಚ್ 29ಕ್ಕೆ ಕೇಂದ್ರ ಗೃಹ ಸಚಿವಾಲಯದ ಆದೇಶ ಬಂದಿತ್ತು. ಬಾಗಿಲು ಹಾಕಿದ್ದರೂ ಸಂಬಳ ಪೂರ್ತಿ ಕೊಡಿ, ಒಂದು ಪೈಸೆಯೂ ಹಿಡಿಯಬೇಡಿ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಹಾಗಂತ ಸುಮ್ನೆ ಕೂತರು ಅನ್ನಬೇಡಿ. ಸಣ್ಣವರ ಪಿಎಫ್ ಪಾಲನ್ನು ಸರ್ಕಾರವೇ ಕಟ್ಟಿತು. ಸಣ್ಣವರೆಂದರೆ ನೂರು ಜನರವರೆಗೆ. ನಮ್ಮಲ್ಲಿ ಆರು ಜನ. 20 ಜನ ಆಗದೆ ಪಿಎಫ್ ಕಾಯ್ದೆಯೇ ನಮ್ಮ ಕಡೆ ತಿರುಗಿ ನೋಡುವುದಿಲ್ಲ. ಅಂದರೆ ಸಣ್ಣವರಿಗೂ ಒಂದು ಸೈಜ್ ಬೇಕು. ಮೇ ತಿಂಗಳಲ್ಲಿ ಮೂರು ಲಕ್ಷ ಕೋಟಿಯ ಅಡಮಾನವಿಲ್ಲದ ಸಾಲ ಬಂತು. ಬ್ಯಾಂಕಿಗೆ ಓಡಿದೆ. ಫೆಬ್ರವರಿ 29ಕ್ಕೆ ಬಾಕಿ ಇದ್ದ ಸಾಲದ ಶೇ 20ರಷ್ಟು ಹೊಸ ಸಾಲವಂತೆ. ನನಗೆ ಬಾಕಿಯೇ ಇರಲಿಲ್ಲ. ಸೊನ್ನೆಯ ಶೇ 20 ಎಷ್ಟು ಅಂತ ಮ್ಯಾನೇಜರನ್ನು ಕೇಳಿದೆ. ಅವರು ನಗಲಿಲ್ಲ. ಸಾಲ ಮಾಡಬೇಡ ಮಗನೇ ಎಂದು ಹೇಳಿ ಅಪ್ಪ ನನ್ನ ಬಾಳು ಹಾಳು ಮಾಡಿದ.

ಲಗ್ನಪತ್ರಿಕೆಯ ಕೆಳಗೆ ಸಣ್ಣ ಅಕ್ಷರದಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದು ಹಾಕುತ್ತೇವಲ್ಲ, ಸರ್ಕಾರಿ ಪ್ಯಾಕೇಜುಗಳ ಕೆಳಗೂ ಅದನ್ನು ಹಾಕಬೇಕು. ಅಚ್ಚು ನಾನೇ ಹಾಕಿಕೊಡುತ್ತೇನೆ.

ಏಪ್ರಿಲ್ ಸಂಬಳಕ್ಕೆ ಹೆಂಡತಿಯ ಬಳೆ ಗಿರವಿ ಇಟ್ಟೆ. ಮೇನಲ್ಲಿ ಅರ್ಧ ಕೊಟ್ಟೆ. ಮಷಿನ್ ಓಡಿಸುವವನು ದುಡ್ಡು ಎಣಿಸಿ, “ಪೂರ್ತಿ ಕೊಡಬೇಕಂತಲ್ಲಾ ಸಾರ್, ಟಿವೀಲಿ ಹೇಳಿದ್ರು” ಅಂದ. ತಪ್ಪು ಅವನದಲ್ಲ. ಮೂರು ತಿಂಗಳ ಬಾಡಿಗೆ ಬಾಕಿ ಇತ್ತು ಅವನಿಗೆ. ಹನ್ನೆರಡು ವರ್ಷ ಜೊತೆಗಿದ್ದವನ ಕಣ್ಣಲ್ಲಿ ನನ್ನನ್ನು ಕಳ್ಳನನ್ನಾಗಿ ಮಾಡಿದ್ದು ಒಂದು ಹಾಳೆ. ಆ ಹಾಳೆ ಬರೆದವರ ಸಂಬಳ ಒಂದು ದಿನವೂ ನಿಲ್ಲಲಿಲ್ಲ. ಮೇ 18ರಿಂದ ಆದೇಶವನ್ನೇ ತೆಗೆದರು. ಜೂನ್ 12ಕ್ಕೆ ಸುಪ್ರೀಂ ಕೋರ್ಟು, ಆ 50 ದಿನಗಳದ್ದನ್ನು ಮಾಲೀಕರೂ ಕೆಲಸಗಾರರೂ ಮಾತಾಡಿ ಬಗೆಹರಿಸಿಕೊಳ್ಳಲಿ ಅಂದಿತು. ನಾವು ಮಾತಾಡಿಕೊಂಡೆವು. ಏನು ಮಾತಾಡಿದೆವು ಅಂತ ಬರೆಯುವ ಹಾಗಿಲ್ಲ.

ಅಂದಹಾಗೆ ಕಾರ್ಯಾಗಾರ ಇರುವುದು ಏಳನೇ ತಾರೀಖು. ಅವತ್ತು ನಮ್ಮಲ್ಲಿ ಬಟವಾಡೆ, ಬರಲಾಗುವುದಿಲ್ಲ. ಆಶೀರ್ವಾದ ಕಳಿಸಿದ್ದೇನೆ.