ಪುಸ್ತಕದ ಅಂಕಿ, ಪಕ್ಕದವನ ಅಂಕಿ

ಅಮೆರಿಕದ ಶೂಟಿಂಗ್ ರೇಂಜುಗಳಲ್ಲಿ ಈ ಮಾತು ಕಿವಿಗೆ ಬೀಳ್ತಾನೇ ಇರುತ್ತೆ: "ನನ್ನ ರೈಫಲ್‌ ತೋಟಾಗೆ ಇಷ್ಟು ಗ್ರೇನ್ ಮದ್ದು ಹಾಕ್ತೀನಿ, ಏನೂ ಆಗಿಲ್ಲ, ನೀನೂ ಹಾಕು." ಮನೇಲೇ ತೋಟಾ ತುಂಬಿಕೊಳ್ಳೋ ಹವ್ಯಾಸ ಇರೋರು ಈ ಉಪದೇಶಕ್ಕೆ ತಲೆಯಾಡಿಸಿ, ಅದನ್ನ ಅಲ್ಲೇ ಬಿಟ್ಟು ಬರಬೇಕು.

ಒಂದು ಗ್ರೇನ್ ಅಂದ್ರೆ ಬರೀ 65 ಮಿಲಿಗ್ರಾಂ. .308 ವಿಂಚೆಸ್ಟರ್ ಅನ್ನೋ ರೈಫಲ್ ತೋಟಾಗೆ ಅಲ್ಲಿನ ತಯಾರಕರ ಸಂಸ್ಥೆ 'ಸಾಮಿ' ಗೊತ್ತು ಮಾಡಿರೋ ಗರಿಷ್ಠ ಒತ್ತಡ ಚದರ ಇಂಚಿಗೆ 62,000 ಪೌಂಡ್. ಕಾರಿನ ಟೈರಲ್ಲಿ ಇರೋದು ಮೂವತ್ತು ಚಿಲ್ಲರೆ. ಅಷ್ಟೂ ಒತ್ತಡ ಹುಟ್ಟೋದು ನಿಮ್ಮ ಕೆನ್ನೆಯ ಪಕ್ಕದಲ್ಲೇ.

ಯಾವ ತೋಟಾಗೆ ಎಷ್ಟು ಮದ್ದು ಅಂತ ಹಾಡ್ಜ್‌ಡನ್, ಹಾರ್ನಡಿ, ಲೈಮನ್ ಕಂಪನಿಗಳು ಕೊಡೋ ಪಟ್ಟಿಗಳಲ್ಲಿರೋ ಅಂಕಿಗಳು ಇಂಥದೇ ಬುಲೆಟ್, ಇಂಥದೇ ಕೇಸ್ (ತೋಟಾದ ಹೊರಕವಚ), ಇಂಥದೇ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸೋ ಪುಟ್ಟ ಕ್ಯಾಪ್) ಇಟ್ಟು ಅಳೆದು ಬರೆದವು. ಅದರಲ್ಲಿ ಒಂದು ಬದಲಾದರೂ ಮತ್ತೆ ಕೆಳಗಿನ ಅಂಕಿಯಿಂದಲೇ ಶುರು ಮಾಡಬೇಕು. ಗರಿಷ್ಠ ಮಾತ್ರ ಕೊಟ್ಟಿದ್ದರೆ ಸಾಮಾನ್ಯವಾಗಿ ಶೇ. 10 ಇಳಿಸಿ, ಸ್ವಲ್ಪ ಸ್ವಲ್ಪವೇ ಏರಿಸ್ತಾರೆ. ಹಾಗಂತ ಕಡಿಮೆ ಹಾಕಿದರೆ ಯಾವಾಗಲೂ ಕ್ಷೇಮ ಅನ್ಕೋಬೇಡಿ. ಎಚ್110 ಥರದ ಮದ್ದನ್ನ ಪಟ್ಟಿಗಿಂತ ಇಳಿಸೋದೇ ಅಪಾಯ.

ಇನ್ನು ಹೆಸರುಗಳ ಗೋಜಲು. ಐಎಂಆರ್ 4350, ಎಚ್4350, ಆಕ್ಯುರೇಟ್ 4350: ಮೂರೂ ಬೇರೆ ಬೇರೆ ಮದ್ದು, ಒಂದರ ಅಂಕಿ ಇನ್ನೊಂದಕ್ಕೆ ಆಗೋದಿಲ್ಲ. ಇಂಥ ಹೆಸರಿಟ್ಟ ಪುಣ್ಯಾತ್ಮರಿಗೆ ಏನು ಹೇಳೋದು! ಅದಕ್ಕೇ ಮೇಜಿನ ಮೇಲೆ ಒಂದೇ ಡಬ್ಬಿ ಇರಬೇಕು, ಮಿಕ್ಕ ಮದ್ದು ಅದೇ ಡಬ್ಬಿಗೆ ವಾಪಸ್ ಹೋಗಬೇಕು. ತುಂಬಿದ ಕೇಸುಗಳನ್ನ ಸಾಲಾಗಿ ನಿಲ್ಲಿಸಿ, ಬುಲೆಟ್ ಕೂರಿಸೋ ಮೊದಲು ಟಾರ್ಚ್ ಬಿಟ್ಟು ಒಂದೊಂದರೊಳಗೂ ನೋಡಬೇಕು. ಒಂದರಲ್ಲಿ ಮಟ್ಟ ಹೆಚ್ಚುಕಮ್ಮಿ ಕಂಡರೆ ಸುರಿದು ಮತ್ತೆ ತೂಗಿ.

"ಬೋಲ್ಟ್ ಬಿಗಿಯಾದರೆ, ಪ್ರೈಮರ್ ಚಪ್ಪಟೆಯಾದರೆ ಒತ್ತಡ ಜಾಸ್ತಿ ಅಂತ ಗೊತ್ತಾಗುತ್ತಲ್ಲ" ಅಂತಾರೆ. ಗೊತ್ತಾಗುತ್ತೆ, ಆದರೆ ಬಹಳ ಸಲ ಮಿತಿ ದಾಟಿದ ಮೇಲೆ. ಅದಕ್ಕಿಂತ ಬುಲೆಟ್ ವೇಗ ಅಳೆಯೋ ಕ್ರೋನೋಗ್ರಾಫ್ ವಾಸಿ. ಅಷ್ಟೇ ಉದ್ದದ ಬ್ಯಾರೆಲ್‌ನಲ್ಲಿ ಪಟ್ಟಿಗಿಂತ ಹೆಚ್ಚು ವೇಗ ಬಂದರೆ ಒತ್ತಡವೂ ಹೆಚ್ಚಿದೆ ಅಂತಲೇ ಲೆಕ್ಕ. ವೇಗ ಪುಕ್ಕಟೆ ಬರೋದಿಲ್ಲ. ಗುರಿ ಚೆನ್ನಾಗಿ ಕೂತ ಕಡೆ ನಿಲ್ಲಿಸೋದು ಜಾಣತನ, ಅದು ಗರಿಷ್ಠಕ್ಕಿಂತ ಎಷ್ಟು ಕೆಳಗಿದ್ದರೂ ಸರಿ.

ಕೊಡಗು, ಮಲೆನಾಡಿನ ಕೋವಿ ಗೆಳೆಯರು ಇನ್‌ಬಾಕ್ಸಿಗೆ ಬರೋ ಮುಂಚೆ ಹೇಳಿಬಿಡ್ತೀನಿ: ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಮದ್ದುಗುಂಡು ತಯಾರಿಸೋಕೆ ಪ್ರತ್ಯೇಕ ಪರವಾನಗಿ ಬೇಕು. ಕೋವಿ ಇದೆ ಅಂದ ಮಾತ್ರಕ್ಕೆ ಇದಕ್ಕೆ ಕೈ ಹಾಕಬೇಡಿ.