ಎರಡೂ ಎಡಗಾಲು!

ಅಪ್ಪನಿಗೆ ಮಂಡಿನೋವು. ಮೆತ್ತನೆಯ ಚಪ್ಪಲಿ ಹಾಕಿಕೊಳ್ಳಿ ಅಂದರು ಡಾಕ್ಟರು. ಪೇಟೆಗೆ ಹೋಗಿ ಕಾಲಿಟ್ಟು ನೋಡಿ ತರೋಣ ಅಂತ ಅಪ್ಪ ಆಗಲೇ ಹೇಳಿದ್ದರು. ನಾನೇ ದೊಡ್ಡ ಜಾಣನ ಹಾಗೆ ಫೋನಿನಲ್ಲಿ ಆರ್ಡರ್ ಮಾಡಿದೆ. ಒಂಬತ್ತನೇ ನಂಬರು, ಕಂದು ಬಣ್ಣ, 1,149 ರೂಪಾಯಿ.

ಮಂಗಳವಾರ ಬರಬೇಕಾದದ್ದು ಶನಿವಾರ ಬಂತು. ಅಪ್ಪ ಟ್ಯಾಗ್ ಕಿತ್ತು ಒಂದು ಕಾಲಿಗೆ ಹಾಕಿಕೊಂಡರು. ಸರಿಯಾಗಿತ್ತು. ಇನ್ನೊಂದು ಕಾಲಿಗೆ ಹಾಕಿದರೆ ಕಿರುಬೆರಳು ಪಟ್ಟಿಯಿಂದ ಹೊರಗೆ ಇಣುಕುತ್ತಿದೆ. ತೆಗೆದರು, ಮತ್ತೆ ಹಾಕಿದರು. ಆಮೇಲೆ ಎರಡನ್ನೂ ನೆಲದ ಮೇಲೆ ಪಕ್ಕಪಕ್ಕ ಇಟ್ಟು, ಕನ್ನಡಕ ಏರಿಸಿಕೊಂಡು ನೋಡಿ, "ಎರಡೂ ಎಡಗಾಲಿಂದು ಕಣೋ" ಅಂದರು. ಮನೆಗೆ ಏನೇ ಬಂದರೂ ಬಲಗಾಲಿಟ್ಟು ಬರಬೇಕು ಅನ್ನುವ ಅಮ್ಮನ ಮುಖ ನೋಡಬೇಕಿತ್ತು.

ಅಲ್ಲಿವರೆಗೆ ನನಗೆ ಕೋಪ ಬಂದಿರಲಿಲ್ಲ. ಪ್ಯಾಕ್ ಮಾಡುವವರ ಕೈ ತಪ್ಪಿರುತ್ತದೆ, ಅವರೂ ಮನುಷ್ಯರೇ ಅಲ್ವಾ. ವಾಪಸ್ ಕಳಿಸಿದರೆ ಆಯಿತು ಅಂದುಕೊಂಡೆ.

ರಿಟರ್ನ್ ಒತ್ತಿದೆ. ಕಾರಣ ಕೊಡಿ ಅಂತು ಆ್ಯಪ್. ಸೈಜ್ ಚಿಕ್ಕದು, ಸೈಜ್ ದೊಡ್ಡದು, ಬಣ್ಣ ಬೇರೆ, ಇಷ್ಟವಾಗಲಿಲ್ಲ. ಎರಡೂ ಎಡಗಾಲು ಅಂತ ಹೇಳುವುದಕ್ಕೆ ಜಾಗವೇ ಇಲ್ಲ. ಕ್ವಾಲಿಟಿ ಸರಿಯಿಲ್ಲ ಅಂತ ಒತ್ತಿದೆ. ದುಡ್ಡು ಎಲ್ಲಿಗೆ ಹಾಕಲಿ ಅಂತು. ಅವರದೇ ವ್ಯಾಲೆಟ್‌ಗೆ ಅನ್ನುವುದು ದಪ್ಪ ಹಸಿರು ಬಟನ್, ಆಗಲೇ ಟಿಕ್ ಆಗಿದೆ. ನನ್ನ ಬ್ಯಾಂಕ್ ಖಾತೆಗೆ ಅನ್ನುವುದು ಅದರ ಕೆಳಗೆ, ಬೂದು ಬಣ್ಣದಲ್ಲಿ, ಇರುವೆ ಸಾಲಿನ ಹಾಗೆ. ಗ್ರಾಹಕರನ್ನು ಹೀಗೆ ದಾರಿ ತಪ್ಪಿಸುವ 13 ಬಗೆಯ ಆಟಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲೇ ಪಟ್ಟಿ ಮಾಡಿ, ಆಡಕೂಡದು ಅಂದಿದೆ. ಕೇಳುವವರು ಯಾರು?

ಸೋಮವಾರ ಬೆಳಗ್ಗೆ 9ರಿಂದ ರಾತ್ರಿ 9ರೊಳಗೆ ಪಿಕಪ್ ಅಂದರು. ರಜೆ ಹಾಕಿ ಕೂತೆ. ರಾತ್ರಿ 8:40ಕ್ಕೆ ಮೆಸೇಜು ಬಂತು. ನೀವು ಮನೆಯಲ್ಲಿರಲಿಲ್ಲವಂತೆ, ಹಾಗಾಗಿ ಪಿಕಪ್ ಆಗಲಿಲ್ಲವಂತೆ. ಬಾಗಿಲಲ್ಲೇ ಕೂತಿದ್ದೆ ಮಾರಾಯ್ರೇ! ಗ್ಯಾಸ್‌ನವನು ಬಂದು ಹೋದ, ಸೊಪ್ಪಿನವಳು ಎರಡು ಸಲ ಬಂದು ಹೋದಳು. ಅವರಿಗೆಲ್ಲ ನಾನು ಕಂಡೆ.

ಬುಧವಾರ ಒಬ್ಬ ಹುಡುಗ ನಿಜಕ್ಕೂ ಬಂದ. ಚಪ್ಪಲಿ ಜೋಡಿಸಿಟ್ಟು ಫೋಟೊ ತೆಗೆದ. "ಟ್ಯಾಗ್ ಎಲ್ಲಣ್ಣಾ?" ಡಬ್ಬಿಯಲ್ಲಿದ್ದ ಟ್ಯಾಗ್ ತೆಗೆದು ತೋರಿಸಿದೆ. "ಅಂಟ್ಕೊಂಡೇ ಇರ್ಬೇಕಣ್ಣಾ. ಇಲ್ಲಾಂದ್ರೆ ನಾನು ತಗೊಂಡೋದ್ರೆ ನನ್ನ ದುಡ್ಡಲ್ಲಿ ಕಟ್ ಮಾಡ್ತಾರೆ." ಎರಡೂ ಎಡಗಾಲು ಕಣಪ್ಪಾ ಅಂದೆ. "ಹೌದಲ್ವಾ!" ಅಂತ ಅವನೂ ನಕ್ಕ. ಬಿಸಿಲಲ್ಲಿ ಬಂದಿದ್ದ ಹುಡುಗ, ಅವನ ಮೇಲೆ ಕೂಗಾಡಿ ಏನು ಬಂತು? ಮಜ್ಜಿಗೆ ಕೊಟ್ಟೆ. ಕುಡಿದು, ರಿಜೆಕ್ಟ್ ಒತ್ತಿ ಹೋದ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಹನ್ನೆರಡು ನಿಮಿಷ ಮ್ಯೂಸಿಕ್ ಕೇಳಿಸಿ, ಫೋಟೊ ಕಳಿಸಿ ಸರ್ ಅಂದರು. ಕಳಿಸಿದೆ. "ಇದರಲ್ಲಿ ಡ್ಯಾಮೇಜ್ ಕಾಣ್ತಿಲ್ಲವಲ್ಲ ಸರ್?" ಕಾಲು ನೋಡಿ ತಾಯಿ, ಕಾಲು ಅಂದೆ. ಡಬ್ಬಿ ತೆರೆಯುವಾಗಿನ ವಿಡಿಯೊ ಇದೆಯಾ ಅಂದರು. ಚಪ್ಪಲಿ ಡಬ್ಬಿ ತೆರೆಯೋಕೆ ಮದುವೆ ವಿಡಿಯೊದವನನ್ನು ಕರೆಸಬೇಕಿತ್ತಾ? ಕೊನೆಗೆ 48 ಗಂಟೆಯಲ್ಲಿ ನಾವೇ ಫೋನ್ ಮಾಡುತ್ತೇವೆ ಅಂದರು. ಮಾಡಲಿಲ್ಲ. ಭಾನುವಾರ ನಾನೇ ಮಾಡಿದೆ.

"ಸಾರಿ ಸರ್, ನಿಮ್ಮ ಏಳು ದಿನದ ರಿಟರ್ನ್ ಟೈಮ್ ನಿನ್ನೆಗೇ ಮುಗಿದಿದೆ."

ನನ್ನ ರಕ್ತ ಕುದಿದದ್ದು ಇಲ್ಲಿ. ಬರದೇ ಬಂದೆ ಅಂದ ದಿನ ಅವರದು. ಟ್ಯಾಗ್ ನೆಪ ಅವರದು. ಫೋನ್ ಮಾಡುತ್ತೇವೆ ಅಂತ ನನ್ನನ್ನು ಕೂರಿಸಿದ ದಿನಗಳೂ ಅವರವೇ. ಲೆಕ್ಕ ಮಾತ್ರ ನನ್ನ ತಲೆಗೆ!

ಈ ಏಳು ದಿನ ಅನ್ನುವುದು ಯಾವ ಕಾನೂನಲ್ಲೂ ಇಲ್ಲ. ಅದು ಕಂಪನಿ ತಾನೇ ಬರೆದುಕೊಂಡದ್ದು. ಚೆನ್ನಾಗಿರುವ ಸಾಮಾನನ್ನು ಸುಮ್ನೆ ಬೇಡ ಅನಿಸಿತು ಅಂತ ವಾಪಸ್ ಕೊಡುವ ಹಕ್ಕು ಆನ್‌ಲೈನ್ ಖರೀದಿಯಲ್ಲಿ ನಮಗಿಲ್ಲ, ಅಲ್ಲಿ ಕಂಪನಿ ಹೇಳಿದ್ದೇ ಆಟ. ಒಪ್ಪಿದೆ. (ಜರ್ಮನಿಯಲ್ಲಿರುವ ಗೆಳೆಯ ಇದನ್ನು ಕೇಳಿ ನಕ್ಕ. ಅಲ್ಲಿ ಸಾಮಾನು ಕೈಗೆ ಬಂದ 14 ದಿನದೊಳಗೆ ಕಾರಣವೇ ಹೇಳದೆ ಬೇಡ ಅನ್ನಬಹುದು. ನಗಲಿ ಬಿಡಿ.) ಆದರೆ ನನ್ನದು ಮನಸ್ಸು ಬದಲಾದ ಕೇಸಲ್ಲ. 2020ರ ಇ-ಕಾಮರ್ಸ್ ನಿಯಮಗಳಲ್ಲಿ ಸ್ಪಷ್ಟವಾಗಿ ಇದೆ. ಸಾಮಾನು ಕೆಟ್ಟಿದ್ದರೆ, ನಕಲಿಯಾಗಿದ್ದರೆ, ತೋರಿಸಿದ ಹಾಗೆ ಇಲ್ಲದಿದ್ದರೆ, ಮಾರಿದವರು ವಾಪಸ್ ತೆಗೆದುಕೊಳ್ಳಲ್ಲ ಅನ್ನುವಂತಿಲ್ಲ, ದುಡ್ಡು ಕೊಡಲ್ಲ ಅನ್ನುವಂತಿಲ್ಲ. ಹೇಳಿದ ದಿನಕ್ಕಿಂತ ತಡವಾಗಿ ಬಂದರೂ ಅಷ್ಟೇ, ಪ್ರವಾಹದಂಥ ಕೈಮೀರಿದ ಕಾರಣ ಇದ್ದರೆ ಬೇರೆ ಮಾತು. ನನ್ನದು ನಾಲ್ಕು ದಿನ ತಡ ಬೇರೆ! ಟ್ಯಾಗ್ ಅಂಟಿರಬೇಕು, ವಿಡಿಯೊ ಇರಬೇಕು ಅಂತ ಆ ನಿಯಮಗಳಲ್ಲಿ ಒಂದಕ್ಷರ ಇಲ್ಲ.

ಇದನ್ನೇ ಹೇಳಿದೆ. "ನಾವು ಬರೀ ಪ್ಲಾಟ್‌ಫಾರ್ಮ್ ಸರ್, ಮಾರಿದವರು ಆಗ್ರಾದವರು" ಅಂದರು. ಹೌದಾ? ದುಡ್ಡು ಇಸಿದುಕೊಳ್ಳುವಾಗ ಆಗ್ರಾ ನೆನಪಿರಲಿಲ್ಲವಾ? ಹಾಗಾದರೆ ಆಗ್ರಾದವರ ನಂಬರ್ ಕೊಡಿ ಅಂದರೆ ಅದು ಕೊಡಲು ಬರಲ್ಲವಂತೆ. ಮಾರುವವರ ಹೆಸರು, ವಿಳಾಸ, ಕಸ್ಟಮರ್ ಕೇರ್ ನಂಬರ್ ತೋರಿಸಬೇಕು ಅಂತಲೂ ಅದೇ ನಿಯಮಗಳಲ್ಲಿ ಇದೆ.

ಅವರ ಬಳಿ ದೂರು ಕೇಳುವ ಅಧಿಕಾರಿ ಅಂತ ಒಬ್ಬರು ಇರಲೇಬೇಕು. ಅವರ ಹೆಸರನ್ನು ಹುಡುಕೋಕೆ ನನಗೆ ಅರ್ಧ ಗಂಟೆ ಹಿಡಿಯಿತು. ವೆಬ್‌ಸೈಟಿನ ತೀರಾ ತಳದಲ್ಲಿ, ಬಾವಿಗೆ ಬಿದ್ದ ಕೊಡದ ಹಾಗೆ ಕೂತಿತ್ತು. 48 ಗಂಟೆಯೊಳಗೆ ದೂರು ಬಂತು ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಮೊದಲನೆಯದನ್ನು ಎರಡೇ ನಿಮಿಷದಲ್ಲಿ ಮಾಡಿದರು, ಮೆಷಿನ್‌ನಿಂದ.

1915ಕ್ಕೂ ಫೋನ್ ಮಾಡಿದ್ದೇನೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಿದರು, ದೂರಿನ ನಂಬರ್ ಕೊಟ್ಟರು, ಸಮಾಧಾನವಾಯಿತು. ಅವರು ಕಂಪನಿಗೆ ದೂರು ದಾಟಿಸುತ್ತಾರೆ, ತೀರ್ಪು ಕೊಡುವವರಲ್ಲ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದವರೆಗಿನ ಖರೀದಿಗೆ ಫೀಸಿಲ್ಲ, ವಕೀಲರು ಬೇಕೇ ಬೇಕು ಅಂತಿಲ್ಲ, ಆಗ್ರಾಕ್ಕೆ ಹೋಗುವುದೂ ಬೇಡ, ನಾನಿರುವ ಊರಿನ ಜಿಲ್ಲೆಯಲ್ಲೇ ಹಾಕಬಹುದು.

ಒಂದು ಜೊತೆ ಚಪ್ಪಲಿಗೆ ಕೇಸಾ ಅಂತ ಭಾವ ನಗುತ್ತಿದ್ದಾರೆ. ಹೌದು, ಚಪ್ಪಲಿಗೇ. ಕಂಪನಿಯವರು ನೆಚ್ಚಿಕೊಂಡಿರುವುದು ಈ ನಗುವನ್ನೇ. ಸಾವಿರ ರೂಪಾಯಿಗೆ ಯಾರು ಅಲೆಯುತ್ತಾರೆ, ಹಾಳಾಗಲಿ ಅಂತ ಬಿಡುತ್ತಾರೆ ಅಂತ. ಹೋದ ಸಲ ನಾನೂ ಬಿಟ್ಟಿದ್ದೆ, ಬೆಡ್‌ಶೀಟ್ ವಿಷಯದಲ್ಲಿ.

ಅಪ್ಪ ಮೊನ್ನೆ ಯಾರಿಗೂ ಹೇಳದೆ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಹೋಗಿ, ನಾಲ್ಕು ಹೆಜ್ಜೆ ನಡೆದು ನೋಡಿ, ಚೌಕಾಸಿ ಮಾಡಿ ಹೊಸ ಚಪ್ಪಲಿ ಹಾಕಿಕೊಂಡೇ ಬಂದರು. ಒಂದು ಬಲಗಾಲು, ಒಂದು ಎಡಗಾಲು. ನನಗೆ ಕಾಣುವ ಹಾಗೆ ಬಾಗಿಲಲ್ಲಿ ಬಿಟ್ಟರು, ಏನೂ ಅನ್ನಲಿಲ್ಲ. ಹಳೆಯ ಜೋಡಿಯನ್ನು ಗುಜರಿಯವನಿಗೆ ಕೊಡುತ್ತೇನೆ ಅಂತ ಅಮ್ಮ ಹೊರಟಿದ್ದಳು. ಮುಟ್ಟಬೇಡ ಅಂದಿದ್ದೇನೆ. ಸಾಕ್ಷಿ ಅವು.