ಕುದುರೆ ಬಿಟ್ಟು ಮಿಕ್ಕಿದ್ದೆಲ್ಲ ನೋಡುವವರ ಪಂದ್ಯ

ಲಾಸ್ ವೇಗಸ್‌ನಲ್ಲಿ ವರ್ಷಕ್ಕೊಮ್ಮೆ ಒಂದು ಭಾರಿ ಪಂದ್ಯ ನಡೆಯುತ್ತದೆ. ಹೆಸರು ನ್ಯಾಷನಲ್ ಹಾರ್ಸ್‌ಪ್ಲೇಯರ್ಸ್ ಚಾಂಪಿಯನ್‌ಶಿಪ್. 2000ದಲ್ಲಿ ಶುರುವಾಯಿತು. ಯಾವ ಕುದುರೆ ಗೆಲ್ಲುತ್ತದೆ ಅಂತ ಊಹಿಸುವ ಅಮೆರಿಕದ ರೇಸ್ ಪಂಡಿತರಲ್ಲಿ ಯಾರು ದೊಡ್ಡ ಪಂಡಿತ ಅನ್ನುವುದು ಇಲ್ಲಿ ತೀರ್ಮಾನ ಆಗುತ್ತದೆ. ನೂರಾರು ಜನ ಕ್ಯಾಸಿನೊ ಹೋಟೆಲಿನ ಹಾಲ್‌ನಲ್ಲಿ ಕೂತು, ಮುಂದೆ ಲ್ಯಾಪ್‌ಟಾಪೋ ಪೇಪರೋ ಹರಡಿಕೊಂಡು, ಸಾಲುಸಾಲು ಟಿವಿ ನೋಡುತ್ತಾ ಮೂರು ದಿನ ತಲೆ ಕೆಡಿಸಿಕೊಳ್ಳುತ್ತಾರೆ. ಆ ಹಾಲ್‌ನಲ್ಲಿ ಎಲ್ಲವೂ ಇದೆ, ಕುದುರೆ ಮಾತ್ರ ಇಲ್ಲ. ಅದು ಪಾಪ ಫ್ಲೋರಿಡಾದಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಓಡುತ್ತಿರುತ್ತದೆ, ತನ್ನ ಮೇಲೆ ಇಷ್ಟೊಂದು ಸಂಶೋಧನೆ ನಡೆಯುತ್ತಿದೆ ಅನ್ನುವ ಸುಳಿವೂ ಇಲ್ಲದೆ.

ಈ ಲೋಕದಲ್ಲಿ ಎರಡು ಜಾತಿ. ಒಂದು ಪೆನ್ಸಿಲ್ ಜಾತಿ, ಇನ್ನೊಂದು ಸಾಫ್ಟ್‌ವೇರ್ ಜಾತಿ. ಪೆನ್ಸಿಲ್‌ನವರು ರೇಸ್ ಪೇಪರ್ ಮೇಲೆ ಗೀಟು ಹಾಕಿ, ಸುತ್ತು ಹಾಕಿ, ಅಂಚಿನಲ್ಲಿ ತಮಗೆ ಮಾತ್ರ ಅರ್ಥವಾಗುವ ಗುರುತು ಬರೆದುಕೊಂಡು, 'ಮೂವತ್ತು ವರ್ಷದ ಅನುಭವ ರೀ, ಮಷೀನಿಗೆ ಏನು ಗೊತ್ತು' ಅನ್ನುತ್ತಾರೆ. ಸಾಫ್ಟ್‌ವೇರ್‌ನವರು ಒಂದು ಬಟನ್ ಒತ್ತಿ, ಬಣ್ಣಬಣ್ಣದ ಪಟ್ಟಿ ತೆಗೆದು, 'ಇದರಲ್ಲಿ ಭಾವನೆ ಇಲ್ಲ, ಬರೀ ಡೇಟಾ' ಅನ್ನುತ್ತಾರೆ. ಸೋತಾಗ ಮಾತ್ರ ಇಬ್ಬರ ಬಾಯಲ್ಲೂ ಬರುವುದು ಒಂದೇ ಮಾತು: ಜಾಕಿ ಕೆಡಿಸಿದ.

ಪೆನ್ಸಿಲ್‌ನವರ ಪರಂಪರೆ ಎಷ್ಟು ಹಳೆಯದು ಅಂತ ಸ್ವಲ್ಪ ಕೆದಕಿದರೆ ಮಜಾ ಇದೆ. ಅವರು ಕಣ್ಣಿಗೆ ಒತ್ತಿಕೊಂಡು ನಂಬುವ ಅಂಕಿ 'ಬೇಯರ್ ಸ್ಪೀಡ್ ಫಿಗರ್'. ಅದನ್ನು ಮಾಡಿದವರು ವಾಷಿಂಗ್ಟನ್ ಪೋಸ್ಟ್‌ನ ರೇಸ್ ಅಂಕಣಕಾರ ಆಂಡ್ರ್ಯೂ ಬೇಯರ್. ಕುದುರೆ ಓಡಿದ ಸಮಯ, ಆ ದಿನ ಟ್ರ್ಯಾಕ್ ಎಷ್ಟು ವೇಗವಾಗಿತ್ತು, ದೂರ ಎಷ್ಟು, ಎಲ್ಲ ಸೇರಿಸಿ ಕುಟ್ಟಿ ಒಂದೇ ಒಂದು ನಂಬರ್ ಮಾಡುವುದು. 1992ರಿಂದ ಡೈಲಿ ರೇಸಿಂಗ್ ಫಾರ್ಮ್ ಪೇಪರ್ ಇದನ್ನು ಅಚ್ಚು ಹಾಕುತ್ತಿದೆ. ಇದು ಲೆಕ್ಕ ಅಲ್ಲದೆ ಇನ್ನೇನು? ಆದರೆ ಪೇಪರ್‌ನಲ್ಲಿ ಅಚ್ಚಾದರೆ ಸಂಪ್ರದಾಯ, ಪರದೆ ಮೇಲೆ ಮೂಡಿದರೆ ಕಲಿಗಾಲ.

ಪಂದ್ಯದ ನಿಯಮ ಕೇಳಿ. ಪ್ರತಿ ರೇಸಿಗೂ ಎರಡು ಡಾಲರ್ ವಿನ್ (ಕುದುರೆ ಮೊದಲು ಬರಬೇಕು), ಎರಡು ಡಾಲರ್ ಪ್ಲೇಸ್ (ಮೊದಲೋ ಎರಡನೆಯದೋ ಬಂದರೆ ಸಾಕು). ಅದೂ ಲೆಕ್ಕದಲ್ಲಿ ಮಾತ್ರ, ಸುಳ್ಳು ದುಡ್ಡು. ಬಹುಮಾನ ಮಾತ್ರ ನಿಜವಾದ ದುಡ್ಡು, ಲಕ್ಷಗಟ್ಟಲೆ ಡಾಲರ್. ಒಂದೇ ಕುದುರೆಯಿಂದ ಯಾರೋ ಪೂರ್ತಿ ಪಂದ್ಯ ಬಾಚಿಕೊಂಡು ಹೋಗಬಾರದು ಅಂತ ಒಂದು ಮಿತಿ ಇದೆ. ವಿನ್‌ಗೆ ಒಂದಕ್ಕೆ ಇಪ್ಪತ್ತು, ಪ್ಲೇಸ್‌ಗೆ ಒಂದಕ್ಕೆ ಹತ್ತು, ಅದರ ಮೇಲೆ ಕುದುರೆಯ ರೇಟು ಎಷ್ಟೇ ಇರಲಿ, ಲೆಕ್ಕಕ್ಕಿಲ್ಲ. ಅಂದರೆ ಒಂದು ರೇಸಿನಲ್ಲಿ, ಹಾಕಿದ ನಾಲ್ಕು ಡಾಲರೂ ಸೇರಿ, ಜಾಸ್ತಿ ಅಂದರೆ 64 ಡಾಲರ್. ಈಗ ನೀವೇ ಯೋಚಿಸಿ. ಮೂರನೇ ದಿನ ಸಂಜೆ, ಕೊನೆಯ ರೇಸ್, ನೀವು 50 ಡಾಲರ್ ಹಿಂದಿದ್ದೀರಿ. ಯಾವ ಕುದುರೆ ಚೆನ್ನಾಗಿದೆ ಅನ್ನುವುದು ನಿಮಗೆ ಬೇಕಾ? ಬೇಡ. ಒಂದಕ್ಕೆ ಇಪ್ಪತ್ತು ಇರುವ ಕುದುರೆ ಯಾವುದು ಅಷ್ಟೇ ಬೇಕು. ಅದು ಕುಂಟುತ್ತಿದ್ದರೂ ನಿಮ್ಮದೇ. ಅಲ್ಲಿಗೆ ಮೂವತ್ತು ವರ್ಷದ ಅನುಭವವೂ, ಹತ್ತು ವರ್ಷದ ಡೇಟಾಬೇಸೂ ಒಟ್ಟಿಗೆ ಕಣ್ಣು ಮುಚ್ಚಿ ಅದೇ ಬಡಪಾಯಿ ಕುದುರೆಯ ಮೇಲೆ ಬೀಳುತ್ತವೆ. ಗೆದ್ದರೆ ಅದಕ್ಕೆ ಕೌಶಲ ಅಂತ ಹೆಸರು.

ಸಾಫ್ಟ್‌ವೇರ್ ಜಾತಿಯ ಮೂಲಪುರುಷ ಇವರಲ್ಲಿ ಯಾರೂ ಅಲ್ಲ. ಬಿಲ್ ಬೆಂಟರ್ ಅಂತ ಪಿಟ್ಸ್‌ಬರ್ಗ್‌ನ ಮನುಷ್ಯ. ಮೊದಲು ಲಾಸ್ ವೇಗಸ್‌ನಲ್ಲಿ ಬ್ಲ್ಯಾಕ್‌ಜಾಕ್ ಅನ್ನುವ ಇಸ್ಪೀಟ್ ಆಟ ಆಡುತ್ತಿದ್ದ. ಎಲೆ ಎಣಿಸುತ್ತಾನೆ ಅಂತ ಕ್ಯಾಸಿನೊಗಳು ಹೊರಗೆ ಹಾಕಿದವು. (ಅಲ್ಲಿ ಲೆಕ್ಕ ಬಂದರೆ ತಪ್ಪು, ಗೊತ್ತಲ್ಲ.) 1980ರ ದಶಕದ ಮಧ್ಯದಲ್ಲಿ ಆಸ್ಟ್ರೇಲಿಯಾದ ಅಲನ್ ವುಡ್ಸ್ ಜೊತೆ ಹಾಂಗ್‌ಕಾಂಗ್‌ಗೆ ಹೋದ. ಅಲ್ಲಿ ಎರಡೇ ರೇಸ್ ಕೋರ್ಸ್, ಹ್ಯಾಪಿ ವ್ಯಾಲಿ ಮತ್ತು ಶಾ ಟಿನ್. ಅವವೇ ಕುದುರೆಗಳು, ಅವರೇ ಜಾಕಿಗಳು, ಟೋಟ್‌ನಲ್ಲಿ (ಎಲ್ಲರ ಬಾಜಿ ದುಡ್ಡೂ ಒಂದೆಡೆ ಸೇರಿ, ಹೆಚ್ಚು ದುಡ್ಡು ಬಿದ್ದ ಕುದುರೆಯ ರೇಟು ಇಳಿಯುವ ವ್ಯವಸ್ಥೆ) ಹೊಳೆಯಂತೆ ದುಡ್ಡು. ಡೇಟಾ ಪ್ರಿಯರಿಗೆ ಇದಕ್ಕಿಂತ ಸ್ವರ್ಗ ಬೇಕಾ? ಕುದುರೆಯ ವಯಸ್ಸು, ಹೊರುವ ಭಾರ, ಹಿಂದಿನ ಓಟ, ಎಷ್ಟು ದಿನ ವಿಶ್ರಾಂತಿ, ಇಂಥವನ್ನೆಲ್ಲ ಕಂಪ್ಯೂಟರಿಗೆ ತುಂಬಿ ಮಾದರಿ ಕಟ್ಟಿದ. ಮೊದಮೊದಲು ಕಂಪ್ಯೂಟರ್ ಚೆನ್ನಾಗಿ ದುಡ್ಡು ಕಳೆಯಿತು. ಆಮೇಲೆ ಬೆಂಟರ್‌ಗೆ ಹೊಳೆದ ಒಂದು ವಿಷಯದಿಂದ ಇಡೀ ಕತೆ ತಿರುಗಿತು. ಅದನ್ನು ಅವನು 1994ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಮುಚ್ಚುಮರೆ ಇಲ್ಲದೆ ಬರೆದಿದ್ದಾನೆ. ಏನದು ಅಂದರೆ, ಕಂಪ್ಯೂಟರಿನ ಲೆಕ್ಕದ ಜೊತೆ ಟೋಟ್ ಬೋರ್ಡಿನ ರೇಟನ್ನೂ ಸೇರಿಸಬೇಕು. ಟೋಟ್ ರೇಟು ಅಂದರೆ ಏನು? ಹ್ಯಾಪಿ ವ್ಯಾಲಿಯ ಸ್ಟ್ಯಾಂಡ್‌ನಲ್ಲಿ ಪೇಪರ್ ಮೇಲೆ ಗೀಟು ಹಾಕುತ್ತಾ ಕೂತ ಸಾವಿರಾರು ಸಾಮಾನ್ಯ ಜನರ ಒಟ್ಟು ಅಭಿಪ್ರಾಯ.

ಹಾಗಾದರೆ ಮಹಾ ಮಷೀನು ಗೆಲ್ಲಲು ಶುರು ಮಾಡಿದ್ದು ಪೆನ್ಸಿಲ್‌ನವರ ಉತ್ತರ ಪತ್ರಿಕೆಯನ್ನು ಕದ್ದು ನೋಡಿದ ಮೇಲೆ! ಇವತ್ತು ಪೆನ್ಸಿಲ್‌ನವರು ಮಾಡುವುದೇನು? ಕೊನೆಯ ನಿಮಿಷದಲ್ಲಿ ಬೋರ್ಡ್ ನೋಡುತ್ತಾ, ಯಾವ ಕುದುರೆಯ ರೇಟು ಧಬಕ್ಕನೆ ಇಳಿಯಿತು, ಕಂಪ್ಯೂಟರ್‌ನವರು ಯಾವುದಕ್ಕೆ ಹಾಕಿದರು ಅಂತ ಹುಡುಕಿ, ಅದಕ್ಕೇ ಹಾಕುತ್ತಾರೆ. ಇವನು ಅವನ ಪತ್ರಿಕೆ ನೋಡಿ ಬರೆಯುತ್ತಾನೆ, ಅವನು ಇವನ ಪತ್ರಿಕೆ ನೋಡಿ ಬರೆಯುತ್ತಾನೆ, ಪಾಠ ಓದಿದವರು ಯಾರು ಅಂತ ಕೇಳಬೇಡಿ.

ಬೆಂಟರ್ ಮಾತ್ರ ಕೋಟಿಗಟ್ಟಲೆ ಮಾಡಿದ, ಅದರಲ್ಲಿ ಸಂಶಯವಿಲ್ಲ. ಇವತ್ತಿನ ಅಮೆರಿಕದ ಕಂಪ್ಯೂಟರ್ ತಂಡಗಳ ಕತೆ ಬೇರೆ. ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಅಲ್ಲಿ ಟೋಟ್‌ನಲ್ಲಿ ನೂರು ಡಾಲರ್ ಬಿದ್ದರೆ, ಬಾಜಿಯ ಬಗೆ ನೋಡಿಕೊಂಡು ಹದಿನೈದರಿಂದ ಇಪ್ಪತ್ತೈದು ಡಾಲರ್‌ವರೆಗೆ ಮೊದಲೇ ಕತ್ತರಿಸುತ್ತಾರೆ. ಮಿಕ್ಕಿದ್ದು ಗೆದ್ದವರಿಗೆ. ಸಾಮಾನ್ಯ ಮನುಷ್ಯನಿಗೆ ಇದೇ ನಿಯಮ. ಆದರೆ ಕೋಟಿಗಟ್ಟಲೆ ಆಡುವ ತಂಡಗಳಿಗೆ ಕತ್ತರಿಸಿದ್ದರಲ್ಲಿ ಒಂದು ಪಾಲು ವಾಪಸ್ ಬರುತ್ತದೆ. ಸುಮ್ನೆ ಲೆಕ್ಕಕ್ಕೆ ಹೇಳುವುದಾದರೆ, ಮಷೀನು ನೂರು ಹಾಕಿ ತೊಂಬತ್ತೈದು ಪಡೆದರೂ, ಮೇಲೆ ಎಂಟು ಡಾಲರ್ ರಿಬೇಟ್ ಬಂದರೆ ಮೂರು ಡಾಲರ್ ಲಾಭ. ಅಂದರೆ ಕುದುರೆ ಆರಿಸುವುದರಲ್ಲಿ ಸೋತು, ರಸೀದಿಯಲ್ಲಿ ಗೆಲ್ಲುವ ವಿದ್ಯೆ. ನಮ್ಮ ಪೆನ್ಸಿಲ್ ಮಹಾಶಯ ರಾತ್ರಿಯೆಲ್ಲ ಕೂತು ತೊಂಬತ್ತೈದು ವಾಪಸ್ ತಂದರೂ ಅವನ ಕೈಗೆ ಐದು ಡಾಲರ್ ನಷ್ಟ, ಮೇಲೆ ಹೆಂಡತಿಯ ಕೈಯಲ್ಲಿ ಬೈಗುಳ.

ಇನ್ನೊಂದು ಚಮತ್ಕಾರ. ಈ ತಂಡಗಳು ಗೇಟ್ ತೆಗೆಯುವ ಕೊನೆಯ ಸೆಕೆಂಡುಗಳಲ್ಲಿ ದುಡ್ಡು ಸುರಿಯುತ್ತವೆ. ಬೋರ್ಡಿಗೆ ಆ ಲೆಕ್ಕ ಬಂದು ತಲುಪುವುದರೊಳಗೆ ಕುದುರೆಗಳು ಅರ್ಧ ದಾರಿ ಓಡಿರುತ್ತವೆ. ಒಂದಕ್ಕೆ ನಾಲ್ಕು ಅಂತ ನೀವು ಹಾಕಿದ ಕುದುರೆ ಮುಂದೆ ಓಡುತ್ತಿದೆ, ನೀವು ಎದ್ದು ಕೂಗುತ್ತಿದ್ದೀರಿ, ತಿರುವು ಬರುವಷ್ಟರಲ್ಲಿ ಬೋರ್ಡು ಒಂದಕ್ಕೆ ಎರಡು ಅನ್ನುತ್ತದೆ. ಗೆಲ್ಲುತ್ತಿರುವಾಗಲೇ ಅರ್ಧ ಸೋಲುವ ಈ ಸುಖ ಬೇರೆ ಯಾವ ಆಟದಲ್ಲಿದೆ? ಜನ ಬೊಬ್ಬೆ ಹಾಕಿದ್ದಕ್ಕೆ ನ್ಯೂಯಾರ್ಕ್‌ನ ರೇಸಿಂಗ್ ಅಸೋಸಿಯೇಷನ್ 2021ರಲ್ಲಿ ವಿನ್ ಪೂಲ್‌ಗೆ, ಅಂದರೆ ವಿನ್ ಬಾಜಿಗಳ ದುಡ್ಡು ಸೇರುವ ಗಂಟಿಗೆ, ಒಂದು ನಿಯಮ ತಂದಿತು: ಕಂಪ್ಯೂಟರ್ ತಂಡಗಳು ರೇಸಿಗೆ ಎರಡು ನಿಮಿಷ ಇರುವಾಗಲೇ ನಿಲ್ಲಿಸಬೇಕು. ಇಷ್ಟು ದೊಡ್ಡ ಬುದ್ಧಿವಂತಿಕೆಗೆ ಲಗಾಮು ಹಾಕಲು ಕೊನೆಗೆ ಬೇಕಾಗಿದ್ದು ಒಂದು ಗಡಿಯಾರ.

ಈ ಡೇಟಾ ಭಕ್ತಿ ನೋಡಿದಾಗಲೆಲ್ಲ ನನಗೆ ಅಮೆರಿಕದ ದೊಡ್ಡ ರೇಸಾದ ಕೆಂಟಕಿ ಡರ್ಬಿ, ಅದರಲ್ಲೂ 2022ರದು, ನೆನಪಾಗುತ್ತದೆ. ರಿಚ್ ಸ್ಟ್ರೈಕ್ ಅನ್ನುವ ಕುದುರೆ ಓಡುವ ಕುದುರೆಗಳ ಪಟ್ಟಿಯಲ್ಲೇ ಇರಲಿಲ್ಲ. ಹಿಂದಿನ ದಿನ ಒಂದು ಕುದುರೆ ಹಿಂದೆ ಸರಿದಿದ್ದಕ್ಕೆ, ಗಡುವು ಮುಗಿಯುವ ಹೊತ್ತಿಗೆ ಒಳಗೆ ಬಂತು. ಹಿಂದೊಮ್ಮೆ 30,000 ಡಾಲರ್‌ಗೆ ಕೈ ಬದಲಾಯಿಸಿದ ಕುದುರೆ. ಡರ್ಬಿಯ ಲೆಕ್ಕದಲ್ಲಿ ಇದು ಚಿಲ್ಲರೆ. ರೇಟು ಒಂದಕ್ಕೆ ಎಂಬತ್ತು. ಎಲ್ಲರಿಗಿಂತ ಹೊರಗಿನ ಗೇಟ್‌ನಿಂದ ಹೊರಟು, ಹಿಂದಿನಿಂದ ನುಗ್ಗಿ ಬಂದು ಗೆದ್ದೇಬಿಟ್ಟಿತು. ಎಲ್ಲರಿಗಿಂತ ಹೆಚ್ಚು ದುಡ್ಡು ಬಿದ್ದ ಫೇವರಿಟ್ ಕುದುರೆ ಎಪಿಸೆಂಟರ್ ಎರಡನೆಯದು. ಗೆದ್ದ ಮೇಲೆ ರಿಚ್ ಸ್ಟ್ರೈಕ್ ಮಾಡಿದ ಮೊದಲ ಕೆಲಸ, ತನ್ನನ್ನು ಹಿಡಿಯಲು ಬಂದವನ ಕುದುರೆಯನ್ನು ಕಚ್ಚಿದ್ದು. ಯಾವ ಸಾಫ್ಟ್‌ವೇರಿನಲ್ಲೂ ಇದಕ್ಕೆ ಕಾಲಂ ಇರಲಿಲ್ಲ. ಆಮೇಲೆ ಹುಡುಕಿದರೆ ಕಾರಣ ಸಿಗುತ್ತದೆ ಬಿಡಿ: ಅದೇ ಟ್ರ್ಯಾಕಿನಲ್ಲಿ ಹಿಂದೆ ಒಂದು ರೇಸನ್ನು ಹದಿನೇಳು ಲೆಂತ್ (ಕುದುರೆಯ ಉದ್ದ) ಅಂತರದಲ್ಲಿ ಗೆದ್ದಿತ್ತಲ್ಲ! ಸರಿ, ಆ ಕಾರಣ ನಂಬಿ ಮುಂದೆ ಅದರ ಮೇಲೆ ಹಾಕಿದವರಿಗೂ ನ್ಯಾಯ ಸಿಕ್ಕಿತು. ಅದು ಮತ್ತೆ ಒಂದು ರೇಸನ್ನೂ ಗೆಲ್ಲಲಿಲ್ಲ.

ನಮ್ಮೂರಿಗೆ ಬರೋಣ. ಬೆಂಗಳೂರಿನ ರೇಸ್ ಕೋರ್ಸ್ ರಸ್ತೆಯಲ್ಲಿ ಪರಂಪರೆಗೆ ಏನೂ ಬರ ಇಲ್ಲ. ಬೆಳಗಿನ ಟ್ರ್ಯಾಕ್ ವರ್ಕ್ ವರದಿ ಪೇಪರ್‌ನಲ್ಲಿ ಓದಿದ್ದೀರಾ? ಯಾವ ಕುದುರೆ 600 ಮೀಟರ್ ಎಷ್ಟು ಸೆಕೆಂಡಿಗೆ ಓಡಿತು, ಪಕ್ಕದಲ್ಲೇ ಒಂದು ಷರಾ. 'ಚೆನ್ನಾಗಿ ಓಡಿತು', 'ಸಲೀಸಾಗಿ ಓಡಿತು', 'ಒಳ್ಳೆಯ ಸ್ಥಿತಿಯಲ್ಲಿದೆ'. ಎಲ್ಲ ಕುದುರೆಗಳೂ ಚೆನ್ನಾಗಿಯೇ ಓಡುತ್ತವೆ. ಕೆಟ್ಟದಾಗಿ ಓಡುವ ಕುದುರೆ ಶನಿವಾರ ಮಧ್ಯಾಹ್ನ, ನಾವು ದುಡ್ಡು ಹಾಕಿದ ಮೇಲೆಯೇ ಹುಟ್ಟುವುದು. ಇದಲ್ಲದೆ ಲಾಯದ ಹುಡುಗ ಹೇಳಿದ ಟಿಪ್ ಇದೆ, ಆ ಹುಡುಗನ ಭಾವಮೈದ ಹೇಳಿದ ಟಿಪ್ ಇದೆ. ಒಂದೇ ರೇಸಿಗೆ ಐದು ಶ್ಯೂರ್ ಕುದುರೆ, ಐದಕ್ಕೂ ಒಳಗಿನ ಸುದ್ದಿ.

ಈಗ ಈ ಪರಂಪರೆಗೂ ಎಐ ಬಂದಿದೆ. ಮೊಬೈಲ್ ಗ್ರೂಪ್‌ಗಳಲ್ಲಿ 'ಎಐ ಪ್ರೆಡಿಕ್ಷನ್, ತಿಂಗಳ ಚಂದಾ ಇಷ್ಟು' ಅಂತ ಮೆಸೇಜು. ತೆಗೆದು ನೋಡಿದರೆ ಒಳಗೆ ಅದೇ ಲಾಯದ ಹುಡುಗ, ಅದೇ ಭಾವಮೈದ, ಮೇಲೆ ಶೇಕಡಾವಾರು ಅಂಕಿ. ಮೊದಲು 'ಹೊಡೆದೇ ಹೊಡೀತದೆ ಸಾರ್' ಅನ್ನುತ್ತಿದ್ದದ್ದು ಈಗ 'ಗೆಲ್ಲುವ ಸಾಧ್ಯತೆ 87.3'. ಆ ಪಾಯಿಂಟ್ ಮೂರು ಇದೆಯಲ್ಲ, ಚಂದಾ ಬರುವುದೇ ಅದರಿಂದ.

ಇದರ ನಡುವೆ ಮರೆತುಹೋಗುವ ಒಬ್ಬ ಮನುಷ್ಯ ಇದ್ದಾನೆ. ರೇಸ್ ಕ್ಲಬ್ಬಿನ ಹ್ಯಾಂಡಿಕ್ಯಾಪರ್. ಜೋರಾಗಿ ಓಡುವ ಕುದುರೆಗೆ ಹೆಚ್ಚು ಭಾರ, ನಿಧಾನದ ಕುದುರೆಗೆ ಕಡಿಮೆ ಭಾರ ಹೊರಿಸಿ, ಎಲ್ಲವೂ ಗೆರೆ ಹತ್ತಿರ ಒಟ್ಟಿಗೆ ಬರುವಂತೆ ಮಾಡುವುದು ಅವನ ಕೆಲಸ. ಅಂದರೆ ಯಾರು ಗೆಲ್ಲುತ್ತಾರೆ ಅಂತ ಯಾರಿಗೂ ಗೊತ್ತಾಗದ ಹಾಗೆ ನೋಡಿಕೊಳ್ಳಲು ಅವನಿಗೆ ಸಂಬಳ. ಅವನ ಕೆಲಸ ಕೆಡಿಸಲು ಇವರೆಲ್ಲ ಸಾಫ್ಟ್‌ವೇರ್ ಕೊಳ್ಳುತ್ತಾರೆ.

ಸರ್ಕಾರವಂತೂ ಇಬ್ಬರಿಗೂ ಸಮಾನ ನ್ಯಾಯ ಕೊಟ್ಟಿದೆ. 1996ರಲ್ಲಿ ಸುಪ್ರೀಂ ಕೋರ್ಟ್, ಕುದುರೆ ರೇಸ್ ಅದೃಷ್ಟದ ಆಟ ಅಲ್ಲ, ಅದರಲ್ಲಿ ಮುಖ್ಯವಾಗಿ ಕೌಶಲ ಇದೆ ಅಂತ ತೀರ್ಪು ಕೊಟ್ಟಿತು. ಪೆನ್ಸಿಲ್‌ನವರೂ ಲ್ಯಾಪ್‌ಟಾಪ್‌ನವರೂ ಎದೆ ಉಬ್ಬಿಸಿದರು. 2023ರ ಅಕ್ಟೋಬರ್‌ನಲ್ಲಿ ಜಿಎಸ್‌ಟಿ ಅವರನ್ನು ಕ್ಯಾಸಿನೊ ಜೊತೆ ಒಂದೇ ಸಾಲಿನಲ್ಲಿ ಕೂರಿಸಿ ಹಾಕಿದ ಪೂರ್ತಿ ದುಡ್ಡಿನ ಮೇಲೆ ಶೇ 28 ಅಂದಿತು. 2025ರ ಸೆಪ್ಟೆಂಬರ್‌ನಲ್ಲಿ ಅದೇ ಶೇ 40 ಆಯಿತು. ಗೆದ್ದ ದುಡ್ಡಿನ ಮೇಲಲ್ಲ, ಹಾಕಿದ ದುಡ್ಡಿನ ಮೇಲೆ. ನೂರು ರೂಪಾಯಿ ಬಾಜಿಗೆ ನಲವತ್ತು ರೂಪಾಯಿ ತೆರಿಗೆ, ಕುದುರೆ ಗೇಟಿನಿಂದ ಹೊರಗೆ ಕಾಲಿಡುವ ಮೊದಲೇ. ಈ ನಲವತ್ತನ್ನು ಪ್ರಾಮಾಣಿಕವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವ ಯಾವ ಸಾಫ್ಟ್‌ವೇರ್ ಆದರೂ ಪ್ರತಿ ರೇಸಿಗೂ ಒಂದೇ ಉತ್ತರ ಕೊಡಬೇಕು: ಬೇಡ, ಮನೆಗೆ ಹೋಗು. ಅಂಥದ್ದನ್ನು ಮಾಡುವುದು ಏನೂ ಕಷ್ಟವಲ್ಲ, ಒಂದೇ ಸಾಲಿನ ಪ್ರೋಗ್ರಾಂ ಸಾಕು. ಆದರೆ ಅದಕ್ಕೆ ತಿಂಗಳ ಚಂದಾ ಎಷ್ಟು ಇಡಬೇಕು ಅಂತಲೇ ಯಾರಿಗೂ ಇನ್ನೂ ತಿಳಿದಿಲ್ಲ.